ಕಬ್ಬಿಣ ಕಳಚಿಟ್ಟು ಸೂರ್ಯನ ಗಾಳಿ ಕಾಯುವ ಖುರ್ಷೀದಬೇಗಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪರಸಿ ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ ಬೇಲಿಯ ಬಳಿ ನಿಂತು ಖುರ್ಷೀದಬೇಗಂ ಮೈಮೇಲಿನ ಕಬ್ಬಿಣವನ್ನೆಲ್ಲ ತೆಗೆದಿಡುತ್ತಿದ್ದಾರೆ. ತುರುಬಿನ ಪಿನ್ನು, ಸೊಂಟಕ್ಕೆ ಸಿಕ್ಕಿಸಿದ ಕೀಲಿಕೈ, ಅಡಿಗೆ ಮೊಳೆ ಹೊಡೆದ ಚಪ್ಪಲಿ. ಎಲ್ಲವೂ ಬೇಲಿಯ ಮಗ್ಗುಲಿನ ಕಲ್ಲಿನ ಗೂಡು ಸೇರುತ್ತವೆ. ಅವರ ಕುಪ್ಪಸಕ್ಕೆ ಹುಕ್ಕಿಲ್ಲ, ದಾರದ ಕಸಿ ಇದೆ. ಸೆರಗು ಜಾರದಿರಲೆಂದು ಹೆಗಲ ಬಳಿ ಜಾಲಿಯ ಮುಳ್ಳೊಂದನ್ನು ಚುಚ್ಚಿಕೊಳ್ಳುತ್ತಾರೆ. ಕೊನೆಗೊಮ್ಮೆ ಎರಡೂ ಅಂಗೈಯಿಂದ ಮೈ ಸವರಿ ನೋಡಿಕೊಂಡು ಬರಿಗಾಲಲ್ಲಿ ಒಳಗೆ ಹೊರಡುತ್ತಾರೆ.

"ನೀವು ಇಲ್ಲೇ ನಿಂದರ್ರಿ" ಎಂದು ನನಗೆ ಹೇಳುತ್ತಾರೆ. "ನಿಮ್ಮ ಕಿಸೆದಾಗ ಪೆನ್ನ ಅದ, ಸೊಂಟಕ್ಕ ಬೆಲ್ಟ ಅದ. ಒಳಗ ಬಂದ್ರ ಅದಕ್ಕ ಗೊತ್ತಾಗ್ತದ."

'ಅದು' ಎಂದರೆ ಬೇಲಿಯ ನಡುವೆ ಇರುವ ಸಣ್ಣ ಕಲ್ಲಿನ ಮನೆಯೊಳಗಿನ ಉಪಕರಣ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಕಾಲುವೆಯ ಏರಿ ಹಿಡಿದು ಒಂದಿಷ್ಟು ದೂರ ನಡೆದರೆ ಈ ಮನೆ ಸಿಗುತ್ತದೆ. ಇದು ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅಳೆಯುವ ಸಣ್ಣ ವೀಕ್ಷಣಾ ಕೇಂದ್ರ. ಸುತ್ತಲಿನವರಿಗೆ ಇದು ಬರೀ 'ಸೂಜಿಮನಿ'. ಕಟ್ಟಡದಲ್ಲಿ ಒಂದು ಮೊಳೆಯೂ ಇಲ್ಲ. ಬಾಗಿಲಿನ ತಿರುಗಣಿ ಹಿತ್ತಾಳೆಯದು, ಅಗುಳಿ ಮರದ್ದು. ಖುರ್ಷೀದಬೇಗಂ ಒಳಹೋಗಿ ಧೂಳು ಒರೆಸುತ್ತಾರೆ, ಕಂಬದ ಮೇಲಿನ ಉಪಕರಣ ಮಟ್ಟದಲ್ಲಿದೆಯೇ ಎಂದು ನೋಡುತ್ತಾರೆ, ಇರುವೆ ಹತ್ತಿದ್ದರೆ ನವಿಲುಗರಿಯಿಂದ ಗುಡಿಸುತ್ತಾರೆ. ಬಾಗಿಲೆಳೆದುಕೊಂಡು ಹೊರಬಂದು, ಬೇಲಿಯಾಚೆ ದೂರದಲ್ಲಿರುವ ಆಫೀಸು ಕೋಣೆಗೆ ಹೋಗುತ್ತಾರೆ. ಉಪಕರಣದಿಂದ ಅಲ್ಲಿಯವರೆಗೆ ತಾಮ್ರದ ತಂತಿ ಎಳೆದಿದ್ದಾರೆ. ಅಲ್ಲಿ ಕಾಗದದ ಸುರುಳಿಯೊಂದು ನಿಧಾನವಾಗಿ ತಿರುಗುತ್ತಿರುತ್ತದೆ. ಅದರ ಮೇಲೆ ಒಂದು ಪೆನ್ನು ತನ್ನಷ್ಟಕ್ಕೆ ಗೆರೆ ಎಳೆಯುತ್ತಿರುತ್ತದೆ. ಸುರುಳಿ ಬದಲಿಸುವುದು, ಶಾಯಿ ತುಂಬುವುದು ಅವರದೇ ಕೆಲಸ. ಎಂಟು ವರ್ಷಗಳಿಂದ ಹಬ್ಬವಿರಲಿ, ಜ್ವರವಿರಲಿ, ಇದು ತಪ್ಪಿಲ್ಲ.

ಆ ಗೆರೆ ಏನನ್ನು ಬರೆಯುತ್ತದೆ? ಕೇಂದ್ರದ ಉಸ್ತುವಾರಿ ರಂಗಣ್ಣ ಯಾದಗಿರಿಯಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಾರೆ. ನಿವೃತ್ತಿಗೆ ಹತ್ತಿರವಾದ ಮೆಲುಮಾತಿನ ಮನುಷ್ಯ. ಅವರು ನನಗೆ ತಿಳಿಸಿ ಹೇಳುತ್ತಾರೆ. ಸೂರ್ಯ ನಮಗೆ ಬೆಳಕು, ಬಿಸಿಲು ಮಾತ್ರ ಕಳಿಸುವುದಿಲ್ಲ. ಅವನ ಮೈಯಿಂದ ವಿದ್ಯುತ್ತು ತುಂಬಿದ ಅತಿ ಸಣ್ಣ ಕಣಗಳು ಎಡೆಬಿಡದೆ ಎಲ್ಲ ದಿಕ್ಕಿಗೂ ಬೀಸಿ ಹೊರಡುತ್ತವೆ. ಅದೇ ಸೌರಮಾರುತ. ಬೆಳಕು ಎಂಟು ನಿಮಿಷದಲ್ಲಿ ಬಂದರೆ ಈ ಗಾಳಿಗೆ ಇಲ್ಲಿಗೆ ಬರಲು ಮೂರು ನಾಲ್ಕು ದಿನ ಬೇಕು. ಬಂದರೂ ನಮ್ಮ ಮೈಗೆ ತಾಗುವುದಿಲ್ಲ. ಭೂಮಿ ತಾನೇ ಒಂದು ದೊಡ್ಡ ಅಯಸ್ಕಾಂತವಾಗಿರುವುದರಿಂದ ಆ ಗಾಳಿಯ ಹೆಚ್ಚಿನ ಪಾಲು ಭೂಮಿಯನ್ನು ಬಳಸಿಕೊಂಡು ಆಚೆ ಹರಿದು ಹೋಗುತ್ತದೆ. ಆದರೆ ಸೂರ್ಯನ ಮೇಲೆ ದೊಡ್ಡ ಸ್ಫೋಟವಾದಾಗ ಗಾಳಿ ಜೋರಾಗಿ ಬಂದು ಈ ಕಾಣದ ಕವಚವನ್ನು ಅದುಮುತ್ತದೆ. ಕೆಲವೊಮ್ಮೆ ಕವಚದೊಳಗೂ ನುಗ್ಗುತ್ತದೆ. ಆಗ ಭೂಮಿಯ ಸುತ್ತ ಎತ್ತರದಲ್ಲಿ ವಿದ್ಯುತ್ತಿನ ಹರಿವೊಂದು ಬಲವಾಗುತ್ತದೆ, ನೆಲದ ಮೇಲಿನ ಅಯಸ್ಕಾಂತ ಶಕ್ತಿ ಕುಗ್ಗುತ್ತದೆ. ನಮಗೇನೂ ತಿಳಿಯುವುದಿಲ್ಲ. ಸೂಜಿಮನಿಯ ಪೆನ್ನು ಮಾತ್ರ ಅಲುಗುತ್ತದೆ.

ಖುರ್ಷೀದಬೇಗಂ ಇದನ್ನೇ ತಮ್ಮ ರೀತಿಯಲ್ಲಿ ಹೇಳುತ್ತಾರೆ. "ಗಾಳಿ ಅಂತಾರ್ರಿ. ಆದ್ರ ಸೆರಗ ಅಲುಗಂಗಿಲ್ಲ, ಎಲಿ ಅಲುಗಂಗಿಲ್ಲ. ನಂಗ ಪೂರಾ ತಿಳಿದದ ಅಂತ ಹೇಳಂಗಿಲ್ಲರಿ. ನಾವು ನಡುವ ಅಡ್ಡ ಬರಬಾರದು, ಅಷ್ಟ ಗೊತ್ತದ."

ಅಡ್ಡ ಬರಬಾರದು. ಈ ಮಾತನ್ನು ಅವರಿಗೆ ಕಲಿಸಿದವರು ಗಂಡ ಮಸ್ತಾನಸಾಬ. ಸುರಪುರದ ಮಸ್ತಾನಸಾಬ ಕೇಂದ್ರ ಕಟ್ಟುವಾಗ ಕಲ್ಲು ಹೊರಲು ಬಂದವರು, ಕಟ್ಟಿ ಮುಗಿದ ಮೇಲೆ ಕಾವಲುಗಾರರಾಗಿ ಇಲ್ಲೇ ಉಳಿದರು. ಆಗ ಇದು ಬರಡು ಬಯಲು. ಹತ್ತಿರ ರೈಲಿಲ್ಲ, ಕರೆಂಟಿನ ದೊಡ್ಡ ತಂತಿಯಿಲ್ಲ, ಕಾರ್ಖಾನೆಯಿಲ್ಲ. ಏನೂ ಇಲ್ಲ ಎನ್ನುವುದಕ್ಕಾಗಿಯೇ ಈ ಜಾಗವನ್ನು ಆರಿಸಿದ್ದರು. ಬೇಲಿಯ ಹೊರಗೆ ಎರಡು ಕೋಣೆಯ ಮನೆ ಕೊಟ್ಟರು. ಅಲ್ಲಿ ಗಂಡ ಹೆಂಡತಿ ಸಂಸಾರ ಹೂಡಿದರು, ಅಲ್ಲಿಯೇ ಮಗಳು ಗೌಹರಬೇಗಂ ಹುಟ್ಟಿ ಬೆಳೆದಳು.

ಆಮೇಲೆ ಕಾಲುವೆ ಬಂತು. ನೀರಿನ ಜೊತೆಗೆ ಕಬ್ಬಿಣವೂ ಬಂತು. ಮಣ್ಣು ತೋಡುವ ಯಂತ್ರ, ಲಾರಿ, ತೂಬಿನ ಗೇಟು, ಟ್ರ್ಯಾಕ್ಟರು, ಪಂಪು. ಜೋಳ ಬೆಳೆಯುತ್ತಿದ್ದ ಕಡೆ ಭತ್ತ ನಿಂತಿತು. ಊರಿಗೆ ಅನ್ನ ಬಂತು, ಸೂಜಿಮನಿಗೆ ಗ್ರಹಚಾರ ಬಂತು. ಟ್ರ್ಯಾಕ್ಟರು ಬೇಲಿಯ ಪಕ್ಕ ಹೋದರೆ ಸಾಕು, ಕಾಗದದ ಮೇಲೆ ಮುಳ್ಳಿನಂತೆ ಒಂದು ಗೀರು ಮೂಡುತ್ತಿತ್ತು. ಸೂರ್ಯನದು ಯಾವುದು, ಟ್ರ್ಯಾಕ್ಟರಿನದು ಯಾವುದು ಎಂದು ಆಮೇಲೆ ಬೇರ್ಪಡಿಸುವುದು ಕಷ್ಟ. ಮಸ್ತಾನಸಾಬ ಕೆಂಪು ವಸ್ತ್ರ ಹಿಡಿದು ಓಡಿಹೋಗಿ ಗಾಡಿ ನಿಲ್ಲಿಸಿ, ಆಚೆ ಕಡೆಯಿಂದ ಬಳಸಿ ಹೋಗಿರೆಂದು ಕೈಮುಗಿಯುತ್ತಿದ್ದರು. ಕೆಲವರು ನಗುತ್ತಿದ್ದರು, ಕೆಲವರು ಬಯ್ಯುತ್ತಿದ್ದರು. ಹೆಚ್ಚಿನವರು ಬಳಸಿಕೊಂಡು ಹೋಗುತ್ತಿದ್ದರು.

ಹಾಗೆ ಬಳಸಿ ಹೋಗುತ್ತಿದ್ದವರಲ್ಲಿ ಸಾಬಣ್ಣ ಒಬ್ಬರು. ಅವರ ಹೊಲ ಸೂಜಿಮನಿಗೆ ಹೊಂದಿಕೊಂಡೇ ಇದೆ. ಮಸ್ತಾನಸಾಬರ ಮಾತಿಗೆ ಬೆಲೆ ಕೊಟ್ಟು ಪಂಪನ್ನು ಹೊಲದ ದೂರದ ಮೂಲೆಯಲ್ಲಿ ಕೂಡಿಸಿದವರು. ೧೯೯೬ರ ಬೇಸಿಗೆಯಲ್ಲಿ ಒಂದು ದಿನ ಅವರೇ ಟ್ರಾಲಿಯಲ್ಲಿ ತೂಬಿನ ಗೇಟು ಹೇರಿಕೊಂಡು ಬರುತ್ತಿದ್ದರು. ಅಕಾಲದ ಮಳೆಗೆ ದೂರದ ದಾರಿ ಕೆಸರಾಗಿತ್ತು, ಅದಕ್ಕೇ ಈ ದಾರಿ ಹಿಡಿದಿದ್ದರು. ಮಸ್ತಾನಸಾಬ ವಸ್ತ್ರ ಬೀಸಿದ್ದು ಕಂಡು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದರು. ಏರಿಯ ಮಣ್ಣು ಕುಸಿಯಿತು. ಟ್ರಾಲಿ ವಾಲಿ, ಗೇಟು ಜಾರಿ ಮಸ್ತಾನಸಾಬರ ತೊಡೆಯ ಮೇಲೆ ಬಿತ್ತು.

"ನಾನ ಎತ್ತಿಕೊಂಡು ಹೋದ್ನಿರಿ" ಎನ್ನುತ್ತಾರೆ ಸಾಬಣ್ಣ. ಮಾತಾಡುವಾಗ ನನ್ನ ಮುಖ ನೋಡುವುದಿಲ್ಲ. "ದಾರಿತುಂಬ ಒಂದ ಮಾತ ಅಂತಿದ್ದ ಮಸ್ತಾನಣ್ಣ. ಗಾಡಿ ದೂರ ಸರಸು, ಗಾಡಿ ದೂರ ಸರಸು ಅಂತ. ಕಾಲ ಹೋಗೇದ, ಅದರ ಚಿಂತಿ ಇಲ್ಲ ಅವಂಗ."

ರಾಯಚೂರಿನಲ್ಲಿ ಆಪರೇಷನ್ ಆಯಿತು. ತೊಡೆಯ ಎಲುಬಿನೊಳಗೆ ಉದ್ದನೆಯ ಸಲಾಕೆ ಹಾಕಿದರು. ಎಲುಬು ಕೂಡಿತು. ಕೋಲು ಹಿಡಿದು ನಡೆಯುವಂತಾಗಿ ಮಸ್ತಾನಸಾಬ ಕೆಲಸಕ್ಕೆ ಮರಳಿದ ದಿನ ರಂಗಣ್ಣ ಆಫೀಸು ಕೋಣೆಯಲ್ಲಿದ್ದರು. ಕೆಲವು ಸಲಾಕೆಗಳು ಅಯಸ್ಕಾಂತಕ್ಕೆ ಅಷ್ಟಾಗಿ ತಾಗುವುದಿಲ್ಲವಂತೆ. ಇದು ತಾಗಿತು. ಮಸ್ತಾನಸಾಬ ಬೇಲಿ ದಾಟಿ ಸೂಜಿಮನಿಯತ್ತ ನಡೆದಂತೆ ಪೆನ್ನು ಪಕ್ಕಕ್ಕೆ ಸರಿಯಿತು, ಅವರು ಹಿಂದಕ್ಕೆ ಬಂದಂತೆ ತನ್ನ ಜಾಗಕ್ಕೆ ಮರಳಿತು. ರಂಗಣ್ಣ ಎರಡು ಸಲ ನಡೆಸಿ ನೋಡಿದರು.

"ಮೂರನೇ ಸಲ ನಡಿ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ" ಎನ್ನುತ್ತಾರೆ ರಂಗಣ್ಣ. "ಮಸ್ತಾನ, ನೀ ಇನ್ನ ಬೇಲಿ ಹೊರಗೇ ಇರಪಾ ಅಂದೆ. ಹೂಂ ಅಂದ. ಬಾಗಿಲ ಕಡೆ ಒಮ್ಮೆ ನೋಡಿದ, ಹೊಳ್ಳಿ ಹೋದ."

ಅಂದಿನಿಂದ ಒಳಗಿನ ಕೆಲಸ ಖುರ್ಷೀದಬೇಗಂ ಪಾಲಿಗೆ ಬಂತು. ಗಂಡ ಬೇಲಿಯಾಚೆಯ ಕಲ್ಲಿನ ಮೇಲೆ ಕುಳಿತು ಕೂಗಿ ಹೇಳುವುದು, ಹೆಂಡತಿ ಒಳಗೆ ಮಾಡುವುದು. ಮೊದಮೊದಲು ಒರೆಸುವಾಗ ಉಪಕರಣಕ್ಕೆ ಬೆರಳು ತಾಗಿಸಿ ಬೈಸಿಕೊಂಡಿದ್ದೂ ಇದೆ. ಮನೆಯಲ್ಲಿ ಅವರಿಬ್ಬರದು ದಖನಿ ಮಾತು. ಊಟದ ಹೊತ್ತಿಗೂ ಇದೇ ವಿಷಯ. ಇವತ್ತು ಗೆರೆ ಹೇಗಿತ್ತು, ಎಲ್ಲಿ ಏರಿತು, ಎಲ್ಲಿ ಇಳಿಯಿತು. "ಮಗಳು ಬೇಜಾರಾಗಿ ತಾಟ ಎತ್ತಿಕೊಂಡು ಹೊರಗ ಹೋಗ್ತಿದ್ಲರಿ" ಎಂದು ನೆನೆಸಿಕೊಂಡು ಖುರ್ಷೀದಬೇಗಂ ಸಣ್ಣಗೆ ನಗುತ್ತಾರೆ. ನನ್ನ ಮುಂದೆ ಅವರು ನಕ್ಕಿದ್ದು ಅದೊಂದೇ ಸಲ.

ಆದರೆ ಮಸ್ತಾನಸಾಬರಿಗೆ ಆ ಕಲ್ಲಿನ ಮೇಲೆ ಕುಳಿತಿರುವುದು ಒಗ್ಗಲಿಲ್ಲ. ಸಲಾಕೆ ತೆಗೆಸಬೇಕು ಎಂದು ಅಂದಿನಿಂದಲೇ ಶುರುಮಾಡಿದ್ದರು. ಎಲುಬು ಗಟ್ಟಿಯಾಗಿದೆ, ಸಲಾಕೆಯಿಂದ ತೊಂದರೆಯಿಲ್ಲ, ಮೈಯಲ್ಲಿ ಸಕ್ಕರೆ ಕಾಯಿಲೆ ಇದೆ, ಮತ್ತೆ ಕೊಯ್ದರೆ ಗಾಯ ಮಾಯುವುದು ಕಷ್ಟ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ವರ್ಷಗಳು ಹಾಗೇ ಕಳೆದವು. ೨೦೦೩ರ ಮಳೆಗಾಲದಲ್ಲಿ ರಂಗಣ್ಣ ಒಂದು ಸುದ್ದಿ ತಂದರು. ಸುತ್ತ ಗದ್ದಲ ಹೆಚ್ಚಾಗಿದೆ, ಗೆರೆ ಶುದ್ಧವಾಗಿ ಬರುತ್ತಿಲ್ಲ, ಬರುವ ಮಾರ್ಚಿಗೆ ಕೇಂದ್ರ ಮುಚ್ಚುತ್ತಾರೆ.

ಅದನ್ನು ಕೇಳಿದ ಮೇಲೆ ಮಸ್ತಾನಸಾಬ ಯಾರ ಮಾತನ್ನೂ ಕೇಳಲಿಲ್ಲ.

"ಮುಚ್ಚೂದ್ರೊಳಗ ಒಮ್ಮಿ ಒಳಗ ಹೋಗಬೇಕು ಅಂದ್ರು" ಎನ್ನುತ್ತಾರೆ ಖುರ್ಷೀದಬೇಗಂ. "ನಾ ಬ್ಯಾಡ ಅಂದೆ. ಮಗಳಿಂದ ಹೇಳ್ಸಿದೆ. ಸಾಬಣ್ಣ ಕಾಲ ಹಿಡಕೊಂಡು ಹೇಳಿದ. ಅವ್ರು ಏನಂದ್ರು ಗೊತ್ತೇನ್ರಿ? ನಿಮಗೆಲ್ಲಾ ಇದು ಕಾಲಾಗಿನ ಕಬ್ಬಣ, ನನಗ ಇದು ಬೇಡಿ, ಅಂದ್ರು."

ಸಲಾಕೆ ತೆಗೆಸಿಕೊಂಡು ಮನೆಗೆ ಬಂದರು. ವೈದ್ಯರು ಹೆದರಿದ್ದಂತೆಯೇ ಆಯಿತು. ಗಾಯ ಮಾಯಲಿಲ್ಲ, ಕೀವು ಕಟ್ಟಿತು, ಜ್ವರ ಏರಿತು. ದವಾಖಾನೆಗೆ ಓಡಾಡಿದರು, ಔಷಧಿ ಬದಲಿಸಿದರು. ದೀಪಾವಳಿ ಕಳೆದು ರಂಜಾನ್ ಶುರುವಾಗುವ ಹೊತ್ತಿಗೆ ಮಸ್ತಾನಸಾಬ ಹೊರಸಿನಿಂದ ಏಳಲಾರದಂತಾಗಿದ್ದರು.

ಅಕ್ಟೋಬರ್ ೨೯, ಬುಧವಾರ. ಖುರ್ಷೀದಬೇಗಂ ರೋಜಾ ಇದ್ದರು. ಬೆಳಗಿನ ಕೆಲಸ ಮುಗಿಸಿ, ಗಂಡನ ಗಾಯ ತೊಳೆದು, ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಶಾಯಿ ನೋಡಲು ಆಫೀಸು ಕೋಣೆಗೆ ಹೋದರು. ಅವರ ಕಣ್ಣೆದುರೇ ಪೆನ್ನು ಮೇಲಕ್ಕೆ ಜಿಗಿಯಿತು. ಜಿಗಿದದ್ದು ನಿಲ್ಲಲಿಲ್ಲ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಅಳ್ಳಾಡತೊಡಗಿತು. ಅಷ್ಟು ವರ್ಷದಲ್ಲಿ ಅವರು ಅಂಥದ್ದನ್ನು ಕಂಡಿರಲಿಲ್ಲ.

"ನಂದ ತಪ್ಪ ಅಂದುಕೊಂಡೆ. ಮುಂಜಾನೆ ಒಳಗ ಏನೋ ಬಿಟ್ಟು ಬಂದೇನಿ, ಅವ್ರ ಔಷಧದ ಡಬ್ಬಿ ಮುಚ್ಚಳನೋ, ಪಿನ್ನೋ. ಗೂಡಿನಾಗ ನೋಡಿದೆ, ಎಲ್ಲಾ ಅದಾವ. ಸೀರಿ ಜಾಡಿಸಿದೆ, ಕೂದಲ ಬಿಚ್ಚಿ ನೋಡಿದೆ. ಏನಿಲ್ಲ. ಮಿಷನ್ ಕೆಡಿಸಿಬಿಟ್ಟೆ, ಇನ್ನ ಇವತ್ತೇ ಮುಚ್ಚತಾರ ಅಂತ ಅಳಕೋತ ಅವ್ರ ಹಂತೇಕ ಓಡಿದೆ."

ಮಸ್ತಾನಸಾಬ ಮಲಗಿದಲ್ಲಿಂದಲೇ ಕೇಳಿದರಂತೆ. ರಸ್ತೆಯಲ್ಲಿ ಗಾಡಿ ಇದೆಯೇ? ಇಲ್ಲ. ಕಾಲುವೆಯ ಗೇಟಿನ ಬಳಿ ಯಾರಾದರೂ ಇದ್ದಾರೆಯೇ? ಇಲ್ಲ. ಸಾಬಣ್ಣನ ಟ್ರ್ಯಾಕ್ಟರು? ಮನೆಯ ಮುಂದೆ ನಿಂತಿದೆ. ಅಷ್ಟರಲ್ಲಿ ಆಫೀಸಿನ ಫೋನು ಬಡಿದುಕೊಂಡಿತು. ಯಾದಗಿರಿಯಿಂದ ರಂಗಣ್ಣ. ಮೇಲಿನವರಿಂದ ಅವರಿಗೆ ಆಗಲೇ ಸುದ್ದಿ ಬಂದಿತ್ತು.

"ಖುರ್ಷೀದಮ್ಮ, ಏನೂ ಮುಟ್ಟಬ್ಯಾಡ್ರಿ" ಎಂದರು ಅವರು. "ಪೆನ್ನು ಕುಣಿಲಿಕತ್ತದ ಏನು? ಕುಣೀಲಿ ಬಿಡ್ರಿ. ಅದು ಸೂರ್ಯನ ಕಡಿಂದ ಬಂದದ. ದೊಡ್ಡದು ಬಂದದ. ಶಾಯಿ ಮುಗೀಲಾರದಂಗ ನೋಡಕೋರಿ, ಸಾಕು."

ಹಿಂದಿನ ದಿನ ಸೂರ್ಯನ ಮೇಲೆ ಭಾರಿ ಸ್ಫೋಟವಾಗಿತ್ತು. ಮೂರು ನಾಲ್ಕು ದಿನದ ದಾರಿಯನ್ನು ಆ ಗಾಳಿ ಒಂದು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ದಾಟಿ ಬಂದಿತ್ತು. ಆಕಾಶದಲ್ಲಿ ಎಷ್ಟೋ ಉಪಗ್ರಹಗಳು ಕೆಟ್ಟವು, ದೂರದ ದೇಶವೊಂದರಲ್ಲಿ ಊರಿಗೆ ಊರೇ ಕರೆಂಟು ಹೋಯಿತು. ಕಾಲುವೆಯ ಬದಿಯ ಈ ಬಯಲಿನಲ್ಲಿ ಮಾತ್ರ ಭತ್ತದ ತೆನೆ ಎಂದಿನಂತೆ ನಿಂತಿತ್ತು, ಕೊಕ್ಕರೆಗಳು ಎಂದಿನಂತೆ ಇಳಿದಿದ್ದವು.

ಖುರ್ಷೀದಬೇಗಂ ಓಡಿಹೋಗಿ ಗಂಡನಿಗೆ ಹೇಳಿದರು. ಮಸ್ತಾನಸಾಬರ ಕಣ್ಣಲ್ಲಿ ನೀರು ಬಂತಂತೆ. ತಾನು ಕಾವಲಿದ್ದ ಅಷ್ಟು ವರ್ಷ ಬಾರದ್ದು ಇಂದು ಬಂದಿದೆ ಎಂದರಂತೆ. ಅದನ್ನು ಕೇಳಿದ ಖುರ್ಷೀದಬೇಗಂ ಒಂದು ನಿರ್ಧಾರ ಮಾಡಿದರು. ಗಂಡನ ಮೈಯಲ್ಲಿ ಈಗ ಕಬ್ಬಿಣವಿಲ್ಲ. ಹೊರಸು ಮರದ್ದು, ಹಗ್ಗ ಹೆಣೆದದ್ದು. ಅವರು ಸಾಬಣ್ಣನನ್ನು ಕರೆದರು. ಸಾಬಣ್ಣ ಬಂದವರೇ ಉಡಿದಾರದ ಕೀಲಿಕೈ ಬಿಚ್ಚಿಟ್ಟರು, ತೋಳಿನ ತಾಯತ ಬಿಚ್ಚಿಟ್ಟರು, ಚಪ್ಪಲಿ ಬಿಟ್ಟರು.

"ವೈನಿ ಒಂದ ಕಡಿ, ನಾ ಒಂದ ಕಡಿ ಹೊರಸ ಎತ್ತಿದ್ವಿ" ಎನ್ನುತ್ತಾರೆ ಸಾಬಣ್ಣ. "ಹಗುರ ಆಗಿದ್ದರಿ ಮಸ್ತಾನಣ್ಣ. ಬೇಲಿತನಕ ಒಯ್ದಿವಿ. ಬೇಲಿ ಹತ್ರ ಹೋದ ಕೂಡ್ಲೇ ಕೈ ಎತ್ತಿ ನಿಲ್ಲಸ್ರಿ ಅಂದ."

"ದರ್ವಾಜಾ ನಕ್ಕೋ ಖೋಲೋ" ಎಂದರಂತೆ ಮಸ್ತಾನಸಾಬ, ಹೆಂಡತಿಯನ್ನು ನೋಡಿ. ಬಾಗಿಲು ತೆಗೆಯಬೇಡ.

"ಯಾಕ ಅಂದೆ" ಎನ್ನುತ್ತಾರೆ ಖುರ್ಷೀದಬೇಗಂ. "ಈಗ ಅದು ಬರಿಲಿಕತ್ತದ, ಬರಿಯೂ ಹೊತ್ತಿನಾಗ ಹೋಗಬಾರದು ಅಂದ್ರು. ಬಾಗಲಾ ತಗದ್ರ ಒಳಗ ಬಿಸಿಗಾಳಿ ಹೋಗ್ತದ, ಮೂವರು ನಡದ್ರ ನೆಲ ಅದುರ್ತದ, ನಾ ಕೆಡಸಂಗಿಲ್ಲ ಅಂದ್ರು. ಒಂದ ನಿಮಿಷ ಸಾಕು, ಯಾರಿಗೂ ಹೇಳಂಗಿಲ್ಲ ಅಂದೆ. ಕೇಳ್ಲಿಲ್ಲ. ಇದು ಮುಗೀಲಿ, ಆಮ್ಯಾಲ ಒಯ್ಯಿರಿ ಅಂದ್ರು."

ಬೇಲಿಯ ಹೊರಗೆ ಬೇವಿನ ನೆರಳಲ್ಲಿ ಹೊರಸು ಇಳಿಸಿದರು. ಸಂಜೆಯವರೆಗೂ ಮಸ್ತಾನಸಾಬ ಅಲ್ಲೇ ಮಲಗಿ ಸೂಜಿಮನಿಯ ಬಾಗಿಲನ್ನು ನೋಡುತ್ತಿದ್ದರು. ಖುರ್ಷೀದಬೇಗಂ ಆಗಾಗ ಆಫೀಸು ಕೋಣೆಯಿಂದ ಬಂದು ಗೆರೆಯ ಸುದ್ದಿ ಹೇಳಿ ಹೋಗುತ್ತಿದ್ದರು. ಇಳಿಯಿತು. ಮತ್ತೆ ಏರಿತು. ಕಾಗದದ ಅಂಚಿಗೇ ಹೋಗಿ ನಿಂತಿತು. ಗುರುವಾರವೂ ಪೆನ್ನು ನಿಲ್ಲಲಿಲ್ಲ. ಒಂದು ಅಲೆಯ ಬೆನ್ನಿಗೆ ಇನ್ನೊಂದು ಬಂದಿತ್ತು. ಶುಕ್ರವಾರ ಸಂಜೆಗೆ ಸ್ವಲ್ಪ ತಗ್ಗಿತು. ಆ ಹೊತ್ತಿಗೆ ಮಸ್ತಾನಸಾಬರಿಗೆ ಮಾತು ನಿಂತಿತ್ತು. ಶನಿವಾರ ಬೆಳಗಾಗುತ್ತ, ರೋಜಾದ ಸಹರಿ ಊಟಕ್ಕೆ ಎದ್ದ ಖುರ್ಷೀದಬೇಗಂ ಹಣೆ ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು.

ಅವರನ್ನು ಒಳಗೆ ಒಯ್ಯಲೇ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ಇದ್ದತ್ತಿನ ದಿನಗಳು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸಲು ದಾಟಬಾರದು ಎಂದು ನೆಂಟರು ಹೇಳಿದರು. ಪೆನ್ನು ಬಿಟ್ಟು ಹೇಗೆ ಕೂರುವುದು ಎಂದು ಖುರ್ಷೀದಬೇಗಂ ಮಸೀದಿಯ ಹಿರಿಯರಾದ ರಾಜಾಸಾಬರನ್ನು ಕೇಳಿಸಿದರು. ಹೊಟ್ಟೆಪಾಡಿನ ಕೆಲಸ, ಮನೆಯಂಗಳದಂಥ ಜಾಗ, ಹಗಲಲ್ಲಿ ಹೋಗಿ ಬರಲಿ ಎಂದು ಅವರು ಅಪ್ಪಣೆ ಕೊಟ್ಟರು. ಹೀಗೆ ಆ ನಾಲ್ಕು ತಿಂಗಳು ಈ ಹೆಂಗಸು ಮನೆಯಿಂದ ಸೂಜಿಮನಿಗೆ, ಸೂಜಿಮನಿಯಿಂದ ಮನೆಗೆ ಓಡಾಡಿದ್ದಾರೆ. ಬೇಲಿಯಾಚೆಯ ಕಲ್ಲಿನ ಮೇಲೆ ಕೂತು ಕೂಗುವವರು ಯಾರೂ ಇರಲಿಲ್ಲ.

ಆ ಮೂರು ದಿನದ ಕಾಗದವನ್ನು ರಂಗಣ್ಣ ಮೇಲಿನವರಿಗೆ ಕಳಿಸಿದರು. ತುಂಬ ಚೆನ್ನಾಗಿ ಬಂದಿದೆ ಎಂದು ಉತ್ತರ ಬಂತು. ಆ ಕಾಗದದ ದೆಸೆಯಿಂದ ಕೇಂದ್ರಕ್ಕೆ ಇನ್ನೊಂದು ವರ್ಷದ ಆಯುಷ್ಯ ಸಿಕ್ಕಿತು. ಅದೂ ಈಗ ತೀರುತ್ತಾ ಬಂದಿದೆ. ಈ ಮಾರ್ಚ್ ಕೊನೆಗೆ ಉಪಕರಣ ಬಿಚ್ಚಿ ಒಯ್ಯುತ್ತಾರೆ. ಬೇಲಿಯ ಪಕ್ಕದ ದಾರಿಗೆ ಡಾಂಬರು ಬೀಳಲಿದೆ, ದೊಡ್ಡ ಕರೆಂಟು ತಂತಿಯ ಕಂಬಗಳಿಗೆ ಆಗಲೇ ಗುಂಡಿ ತೋಡಿದ್ದಾರೆ. ಖುರ್ಷೀದಬೇಗಂ ಗುರುಮಠಕಲ್ಲಿನಲ್ಲಿರುವ ಮಗಳ ಮನೆಗೆ ಹೋಗಬೇಕು. "ಅಲ್ಲಿ ಎಲ್ಲಾರೂ ತೆಲುಗು ಮಾತಾಡ್ತಾರ. ನಂಗ ಬರಂಗಿಲ್ಲ. ಹೊತ್ತ ಹೆಂಗ ಹೋಗ್ತದೋ" ಎನ್ನುತ್ತಾರೆ.

ನಿಮಗೇನಾದರೂ ಬೇಕೇ, ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಖಾಯಂ ಕೆಲಸದ ಮಾತು ಬರಬಹುದು, ಪಿಂಚಣಿಯ ಮಾತು ಬರಬಹುದು ಎಂದುಕೊಂಡಿದ್ದೆ. ಅವರು ಸೂಜಿಮನಿಯ ಕಡೆ ಕೈ ತೋರುತ್ತಾರೆ.

"ಮಿಷನ್ ಒಯ್ದ ಮ್ಯಾಲ ಆ ಮನಿ ಕೆಡವಬ್ಯಾಡ್ರಿ ಅಂತ ರಂಗಣ್ಣ ಸಾಹೇಬ್ರಿಗೆ ಹೇಳೇನಿ. ದನಾ ಕಟ್ಟಲಿ, ಕಾಳ ಇಡಲಿ, ಏನರ ಮಾಡಲಿ. ನಿಂತಿರಲಿ."

ಬಿಸಿಲೇರಿದೆ. ಏರಿಯ ಮೇಲೆ ಲಾರಿಯೊಂದು ಹಾದುಹೋಗುತ್ತದೆ, ಆಫೀಸು ಕೋಣೆಯಲ್ಲಿ ಪೆನ್ನು ಒಮ್ಮೆ ಬೆಚ್ಚಿ ಗೀರು ಹಾಕುತ್ತದೆ. ಅವರು ಪೆನ್ಸಿಲಿನಿಂದ ಆ ಗೀರಿನ ಪಕ್ಕ ಒಂದು ಚುಕ್ಕೆ ಇಡುತ್ತಾರೆ. ಇದು ಲಾರಿಯದು ಎಂದು ಅರ್ಥ. ನಾನು ಹೊರಡಲು ಏಳುತ್ತೇನೆ. ಬಾಗಿಲವರೆಗೆ ಬಂದವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಇನ್ನೊಂದು ಮಾತು ಹೇಳುತ್ತಾರೆ.

"ಆ ಮೂರ ದಿನದ ಕಾಗದ ನೀವು ನೋಡಿಲ್ಲ. ನೋಡಬೇಕಿತ್ತರಿ. ಅದರಾಗ ನಮ್ಮ ಕಡಿಂದ ಒಂದ ಗೀರಿಲ್ಲ. ಎಲ್ಲಾ ಸೂರ್ಯಂದ."